ತಡವಾದದ್ದು ಯಾರಿಂದ?

‘ನಿನ್ನಿಂದಲೇ ತಡವಾಯಿತು’ ಎಂಬ ಮಾತು ಬೆಟ್ಟದಲ್ಲೂ ಹೆಂಗಸರ ಬೆನ್ನು ಬಿಡುವುದಿಲ್ಲ. ಸ್ವಿಟ್ಜರ್ಲೆಂಡಿನ ಕಾಲುದಾರಿಗಳ ಹಳದಿ ಫಲಕಗಳು ನಡಿಗೆಯ ಹೊತ್ತನ್ನು ಹೇಳುತ್ತವೆ; ಕೂತು ನೀರು ಕುಡಿಯುವ ಹೊತ್ತು ಅದರಲ್ಲಿ ಸೇರಿಲ್ಲ. ಮ್ಯಾಟರ್‌ಹಾರ್ನ್ ಶಿಖರದ ಹ್ಯೋರ್ನ್ಲಿ ತಂಗುಮನೆಯನ್ನೇ ನೋಡಿ. ಹೊರಡುವ ಜಾಗ ಶ್ವಾರ್ಟ್ಸ್‌ಜೇ 2583 ಮೀಟರ್ ಎತ್ತರದಲ್ಲಿ, ತಂಗುಮನೆ 3260ರಲ್ಲಿ. ಗಂಟೆಗೆ 300 ಮೀಟರ್ ಎಂಬ ರೂಢಿಯ ಲೆಕ್ಕ ಹಿಡಿದರೂ ಏರಿಗೇ ಎರಡೂಕಾಲು ಗಂಟೆ ಬೇಕು.

‘ಎರಡು ಗಂಟೆ ಸಾಕು’ ಎಂದು ಮುಂದೆ ಓಡಿದವರು ತಿರುವಿನಲ್ಲಿ ಕೂತು ಕಾಯುತ್ತಾರೆ. ಹಿಂದಿನವಳು ಏದುಸಿರು ಬಿಡುತ್ತ ಬಂದೊಡನೆ ‘ಸರಿ, ಹೊರಡೋಣ’ ಎನ್ನುತ್ತಾರೆ. ದಣಿದವಳಿಗೇ ವಿಶ್ರಾಂತಿಯಿಲ್ಲ, ಇದ್ಯಾವ ನ್ಯಾಯ?

ಬೇಸಿಗೆಯ ಮಧ್ಯಾಹ್ನ ಆಲ್ಪ್ಸ್‌ನಲ್ಲಿ ಗುಡುಗುಮಳೆ ಸಾಮಾನ್ಯ. ಲೆಕ್ಕ ತಪ್ಪಿದರೆ ಅವಮಾನವಷ್ಟೇ ಅಲ್ಲ, ಅಪಾಯ. ನಿಧಾನವಾಗಿ ನಡೆಯುವವಳ ಹೆಜ್ಜೆಯಿಂದಲೇ ಗಂಟೆ ಎಣಿಸಿ ಮುಂಜಾನೆಯೇ ಹೊರಡಬೇಕು. ತಪ್ಪು ನಮ್ಮ ಕಾಲಿನದಲ್ಲ, ಅವರ ಲೆಕ್ಕದ್ದು.