ಶರೀಫಜ್ಜನ ಪದಕ್ಕ ಒಂದ ಧಾಟಿ ಏನು?



ಹೋದ ವರ್ಷದ ಗ್ಯಾದರಿಂಗ್‌ನಲ್ಲಿ ನಾನು ಶಿಶುನಾಳ ಶರೀಫರ ಸೋರುವ ಮಾಳಿಗೆಯ ಪದ ಹಾಡಿದೆ. ಎರಡು ನುಡಿ ಮುಗಿಯುವುದರೊಳಗೆ ಹಿಂದಿನ ಸಾಲಿನವರು "ಧಾಟಿ ತಪ್ಪೈತಿ, ಧಾಟಿ ತಪ್ಪೈತಿ" ಅಂತ ನಕ್ಕರು. ನಾನು ಅರ್ಧಕ್ಕೇ ಇಳಿದು ಬಂದೆ. ಅದು ನಮ್ಮಜ್ಜ ಕಲಿಸಿದ ಧಾಟಿ. ನಕ್ಕವರ ಮೇಲೆ ಈಗ ನನಗೆ ಸಿಟ್ಟಿಲ್ಲ. ಅವರು ಕೇಳಿದ್ದು ಸಿ. ಅಶ್ವಥ್ ಅವರ ಧಾಟಿ. ಆದರೆ ಒಂದು ಮಾತು ಹೇಳಬೇಕು.

ಶರೀಫರು ಹುಟ್ಟಿದ್ದು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ. ನಮ್ಮ ಗುರುಗಳ ಹಾಗೆ ಅವರೂ ಕೆಲವು ಕಾಲ ಶಾಲೆಯ ಮಾಸ್ತರರಾಗಿದ್ದರು. ಮುಸ್ಲಿಮರ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದ ಭಟ್ಟರ ಶಿಷ್ಯರಾದರು. ಸೋರುವ ಮನೆ, ತಂಬೂರಿ, ಗಿರಣಿ, ಹೀಗೆ ಕಣ್ಣಿಗೆ ಕಂಡದ್ದರ ಮೇಲೆಲ್ಲ ಪದ ಕಟ್ಟಿದರು. 1889ರಲ್ಲಿ ತೀರಿಕೊಂಡರು.

ಅಶ್ವಥ್ ಹುಟ್ಟಿದ್ದು 1939ರಲ್ಲಿ. ಅಂದರೆ ನಡುವೆ 50 ವರ್ಷ. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಅಶ್ವಥ್ ನಮ್ಮ ಕಡೆಯವರೂ ಅಲ್ಲ, ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡಿದವರು. ಆದರೂ ಶರೀಫಜ್ಜ ಹೋಗಿ ಅವರ ಎದಿಯೊಳಗ ಕುಂತುಬಿಟ್ಟ! ಕ್ಯಾಸೆಟ್ಟುಗಳು ಬಂದವು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು, ಸಂಗೀತ ಅಶ್ವಥ್ ಅವರದು. ಅದಕ್ಕೆ ರಾಷ್ಟ್ರೀಯ ಭಾವೈಕ್ಯದ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಅಶ್ವಥ್ 2009ರಲ್ಲಿ ತೀರಿಕೊಂಡರೂ ಮೊಬೈಲಿನಲ್ಲಿ ಇಂದಿಗೂ ಅವರದೇ ದನಿ. ಅವರ ಉಪಕಾರ ದೊಡ್ಡದು.

ಆದರೆ ಶರೀಫರು ಹೋದ ಮೇಲೆ ಕ್ಯಾಸೆಟ್ಟು ಬರುವತನಕ ಸುಮಾರು ನೂರು ವರ್ಷ ಈ ಪದಗಳನ್ನು ಬಾಯಿಂದ ಬಾಯಿಗೆ ದಾಟಿಸಿದವರು ಯಾರು? ನಮ್ಮ ಭಜನಾ ಮೇಳದವರಂಥವರು. ಹಗಲೆಲ್ಲ ಹೊಲದಾಗ ದುಡಿದು, ರಾತ್ರಿ ತಾಳ ಹಿಡಿದು ಹಾಡಿದವರು. ಅವರ ಧಾಟಿ ತಪ್ಪಾಗುವುದು ಹೇಗೆ?

ಕೂಡಲಸಂಗಮ ನಮ್ಮ ತಾಲೂಕಿನಲ್ಲೇ ಇದೆ. ಬಸವಣ್ಣನವರ ವಚನಗಳನ್ನು ಮಲ್ಲಿಕಾರ್ಜುನ ಮನಸೂರರು ಒಂದು ರೀತಿ ಹಾಡಿದರು, ಬಸವರಾಜ ರಾಜಗುರುಗಳು ಇನ್ನೊಂದು ರೀತಿ ಹಾಡಿದರು. ಯಾರಾದರೂ ತಪ್ಪು ಅಂದರೇನು? ಅಶ್ವಥ್ ಕೂಡ ತಮಗೆ ಹೊಳೆದಂತೆ ಹೊಸ ಧಾಟಿ ಹಾಕಿದವರೇ. ಒಬ್ಬ ಕವಿಯ ಪದ ಹತ್ತು ಮಂದಿಯ ಕೊರಳಲ್ಲಿ ಹತ್ತು ಬಗೆಯಾಗಿ ಹುಟ್ಟಿದರೆ ಅದು ಕವಿಯ ದೊಡ್ಡಸ್ತಿಕೆ.

ನಮ್ಮೂರ ಮೇಳದಲ್ಲಿ ಈಗ ಉಳಿದವರು ನಾಲ್ಕೇ ಮಂದಿ. ನಮ್ಮಜ್ಜನಿಗೆ ದಮ್ಮು, ಒಂದು ನುಡಿ ಹಾಡಿದರೆ ಉಸಿರು ಹತ್ತುತ್ತದೆ. ಅದಕ್ಕೇ ಕೇಳಿಕೊಳ್ಳುತ್ತೇನೆ: ನಿಮ್ಮ ಮನೆಯ ಅಜ್ಜ, ಅಮ್ಮ, ಕಾಕಾ ಯಾರೇ ಹಾಡಲಿ, ಒಂದೊಂದು ಪದ ಬರೆದುಕೊಂಡು ಬನ್ನಿ, ಇದೇ ಗೋಡೆಗೆ ಹಚ್ಚೋಣ. ಧಾಟಿಯನ್ನು ಕಾಗದದ ಮೇಲೆ ಬರೆಯಲಿಕ್ಕೆ ಬರುವುದಿಲ್ಲ, ಅದನ್ನು ಬಾಯಲ್ಲೇ ಕಲಿಯಬೇಕು.

ಈ ಸಲದ ಗ್ಯಾದರಿಂಗ್‌ನಲ್ಲೂ ನಾನು ಅದೇ ಪದ, ಅದೇ ಧಾಟಿಯಲ್ಲಿ ಹಾಡುವವಳಿದ್ದೇನೆ. ನಗೂದಿದ್ರ ಪೂರಾ ಕೇಳಿ ನಗ್ರಿ.

— 9ನೇ ತರಗತಿಯ ವಿದ್ಯಾರ್ಥಿನಿ