ಕದಂಬರ ಮನೆಯ ಹತ್ತಿರ ಒಂದು ಮರವಿತ್ತು!

ಕನ್ನಡದ ಯುವಕ ಯುವತಿಯರೇ,

ನಿಮ್ಮ ಅಡ್ಡಹೆಸರು ಬೇವಿನಮರದ ಎಂದಿದೆಯೇ? ಹುಣಸಿಮರದ? ಬನ್ನಿಗಿಡದ? ಮೆಣಸಿನಕಾಯಿ, ಉಳ್ಳಾಗಡ್ಡಿ, ಲಿಂಬಿಕಾಯಿ, ಟೆಂಗಿನಕಾಯಿ? ಹಾಗಿದ್ದರೆ ಈ ಮಾತು ನಿಮಗಾಗಿಯೇ. ತಲೆ ತಗ್ಗಿಸದೆ ಓದಿರಿ.

ಗಾಂಧಿ ಚೌಕದ ನಮ್ಮ ಪ್ರೆಸ್ಸಿಗೆ ಲಗ್ನಪತ್ರಿಕೆ ಹಾಕಿಸಲು ಬರುವ ಹುಡುಗರು ಈಗೀಗ ಒಂದು ಮಾತು ಹೇಳುತ್ತಾರೆ: "ಅಡ್ಡಹೆಸರು ಬ್ಯಾಡ್ರಿ, ಬರೇ ಇನಿಶಿಯಲ್ ಹಾಕ್ರಿ. ಬೆಂಗಳೂರಿನ ಗೆಳೆಯರು ನಗತಾರ." ತಂದೆಯ ಹೆಸರಿನ ಮುಂದೆ ಮೆಣಸಿನಕಾಯಿ ಎಂದು ಪೂರ್ತಿ ಇರುತ್ತದೆ, ಮಗನಿಗೆ ಬರೀ 'ಎಂ'! ಒಂದೇ ಪತ್ರಿಕೆಯಲ್ಲಿ ತಂದೆಗೆ ಮನೆತನ ಉಂಟು, ಮಗನಿಗೆ ಇಲ್ಲ. ಇದೆಂಥ ನಾಚಿಕೆ?

ನಗುವವರಿಗೆ ಒಂದು ಪ್ರಶ್ನೆ ಕೇಳಿರಿ: ಕನ್ನಡ ನಾಡಿನ ಮೊದಲ ರಾಜಮನೆತನ ಯಾವುದು? ಬನವಾಸಿಯ ಕದಂಬರು. ಶಾಲೆಯ ಹುಡುಗನಿಗೂ ಗೊತ್ತು. ಆದರೆ ಕದಂಬ ಎಂದರೇನು? ಒಂದು ಮರ! ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ 5ನೇ ಶತಮಾನದ ಸ್ತಂಭ ಶಾಸನವಿದೆ. ಆ ಮನೆತನದವರ ಮನೆಯ ಹತ್ತಿರ ಕದಂಬ ಮರ ಬೆಳೆದಿತ್ತು, ಅದನ್ನು ಅವರು ಜೋಪಾನ ಮಾಡಿದರು, ಅದರಿಂದಲೇ ಆ ಹೆಸರು ಬಂತು ಎಂದು ಆ ಶಾಸನವೇ ಹೇಳುತ್ತದೆ. ಮಯೂರಶರ್ಮ ರಾಜ್ಯ ಕಟ್ಟಿದ್ದು 4ನೇ ಶತಮಾನದಲ್ಲಿ, ಆ ಮರದ ಹೆಸರು ಹೊತ್ತುಕೊಂಡೇ. ಇಂದಿಗೂ ಕಾರವಾರದ ನೌಕಾನೆಲೆಯ ಹೆಸರು ಕದಂಬ. ಗೋವಾದ ಸರ್ಕಾರಿ ಬಸ್ಸಿನ ಹೆಸರೂ ಕದಂಬ.

ಹಾಗಾದರೆ 'ಕದಂಬ' ಎಂಬುದಕ್ಕೂ 'ಬೇವಿನಮರದ' ಎಂಬುದಕ್ಕೂ ಏನು ಫರಕು? ಅದು ಶಾಸನದಲ್ಲಿದೆ, ಇದು ನಿಮ್ಮ ಅಜ್ಜನ ಬಾಯಲ್ಲಿದೆ. ಅಷ್ಟೇ!

ಬಾಗಿಲಿಗೆ ನಂಬರು ಇಲ್ಲದ ಕಾಲದಲ್ಲಿ ಮನೆ ಮುಂದಿನ ಮರವೇ ವಿಳಾಸ. ಓಣಿಯಲ್ಲಿ ನಾಲ್ವರು ಬಸಪ್ಪಗಳಿದ್ದರೆ ಬೇವಿನಮರದ ಬಸಪ್ಪ ಯಾರೆಂದು ಕೂಸಿಗೂ ತಿಳಿಯುತ್ತಿತ್ತು. ಹೊಲದಲ್ಲಿ ಬೆಳೆದದ್ದು, ಸಂತೆಯಲ್ಲಿ ಮಾರಿದ್ದು ಕೂಡ ಮನೆತನದ ಹೆಸರಾಗಿ ಉಳಿಯಿತು. ಹುಟ್ಟಿದ ಕೂಸಿಗೂ ಹಾಗೆಯೇ: ಹೂವಪ್ಪ, ಹೂವವ್ವ, ತುಳಸವ್ವ, ಕಮಲವ್ವ. ಶ್ರೀಶೈಲದ ಮಲ್ಲಿಕಾರ್ಜುನನ ಹೆಸರಿನಲ್ಲೇ ಮಲ್ಲಿಗೆಯಿದೆ. ದೇವರಿಗೆ ಒಪ್ಪಿದ್ದು ನಿಮಗೆ ಒಪ್ಪುವುದಿಲ್ಲವೇ?

ಹೊರಗಿನವರು ಹೇಗಿದ್ದಾರೆ ನೋಡಿರಿ. ರೋಮಿನ ಮಹಾ ವಾಗ್ಮಿ ಸಿಸೆರೋ. ಆ ಹೆಸರಿನ ಮೂಲ ಲ್ಯಾಟಿನ್ನಿನ ಕಡಲೆಕಾಳು! ರಾಜಕೀಯಕ್ಕೆ ಇಳಿದಾಗ, ಈ ಹೆಸರು ಬಿಡು ಎಂದು ಗೆಳೆಯರು ಹೇಳಿದರಂತೆ. ಬಿಡುವುದಿಲ್ಲ, ದೊಡ್ಡ ದೊಡ್ಡ ಮನೆತನಗಳಿಗಿಂತ ಇದನ್ನೇ ಮೇಲಕ್ಕೆ ತರುತ್ತೇನೆ ಎಂದನಂತೆ ಅವನು. ಪ್ಲುಟಾರ್ಕ್ ಬರೆದಿಟ್ಟ ಸಂಗತಿ ಇದು. ಎರಡು ಸಾವಿರ ವರ್ಷದ ಮೇಲೂ ಆ ಕಡಲೆಕಾಳು ಬದುಕಿದೆ. ದೂರ ಯಾಕೆ? 2023ರ ವಿಧಾನಸಭಾ ಚುನಾವಣೆಯಲ್ಲಿ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಿಂದ ಗೆದ್ದವರು ಮಹೇಶ ಟೆಂಗಿನಕಾಯಿ. ಪಕ್ಷ ಯಾವುದಾದರೂ ಇರಲಿ, ಹೆಸರು ಅಡ್ಡಿಯಾಯಿತೇ?

ಜಾತಿ ತಿಳಿಯಬಾರದೆಂದು ಅಡ್ಡಹೆಸರು ಬಿಟ್ಟವರಿದ್ದಾರೆ. ಅವರನ್ನು ನಾವು ಗೌರವಿಸುತ್ತೇವೆ. ನಮ್ಮ ತಕರಾರು ಇರುವುದು ಕನ್ನಡದ ಹೆಸರು ಹಳ್ಳಿಯದು, ಇಂಗ್ಲಿಷ್ ಅಕ್ಷರ ಪಟ್ಟಣದ್ದು ಎಂದು ನಾಚಿ ಬಿಡುವವರೊಡನೆ.

ಇನ್ನೊಂದು ಅಪಾಯವಿದೆ. ಅರ್ಜಿಯಲ್ಲಿ ಹೆಸರನ್ನು ಮೊದಲು ಇಂಗ್ಲಿಷಿನಲ್ಲಿ ಬರೆಯುತ್ತೀರಿ. ಆಮೇಲೆ ಯಂತ್ರ ಅದನ್ನು ಕನ್ನಡಕ್ಕೆ ತಿರುಗಿಸುತ್ತದೆ. ಇಂಗ್ಲಿಷಿಗೆ ಣ ಗೊತ್ತಿಲ್ಲ, ಳ ಗೊತ್ತಿಲ್ಲ, ಡ-ದ ಭೇದ ಗೊತ್ತಿಲ್ಲ. ಮೆಣಸಿನಕಾಯಿ ಹೋಗಿ 'ಮೆನಸಿನಕೈ' ಆಗುತ್ತದೆ! ಉಳ್ಳಾಗಡ್ಡಿ ಹೋಗಿ 'ಉಲ್ಲಗದ್ದಿ'! ಕಾಯಿ ಕೈಯಾಯಿತು, ಗಡ್ಡೆ ಗದ್ದಿಯಾಯಿತು. ನಾಳೆ ನಿಮ್ಮ ಮೊಮ್ಮಗ ತನ್ನ ಹೆಸರಿನ ಅರ್ಥ ಕೇಳಿದರೆ ಯಾವ ನಿಘಂಟು ತೆಗೆಯುತ್ತೀರಿ?

2014ರ ನವೆಂಬರ್ 1ರಂದು ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. ಊರಿನ ಹೆಸರು ಬರೆಯುವುದು ಹೇಗೆಂಬುದನ್ನು ಸರ್ಕಾರ ತೀರ್ಮಾನಿಸಿತು. ನಿಮ್ಮ ಮನೆತನದ ಹೆಸರಿಗೆ ಯಾವ ಸರ್ಕಾರವೂ ಬರುವುದಿಲ್ಲ. ಅದನ್ನು ನೀವೇ ಮಾಡಬೇಕು.

ಇವತ್ತೇ ನಿಮ್ಮ ಗುರುತಿನ ಚೀಟಿ ತೆಗೆದು ಕನ್ನಡದ ಸಾಲು ಓದಿರಿ. ತಪ್ಪಿದ್ದರೆ ಅರ್ಜಿ ಕೊಟ್ಟು ತಿದ್ದಿಸಿರಿ. ಮೊಬೈಲಿನಲ್ಲಿ ನಿಮ್ಮ ಹೆಸರನ್ನು ಕನ್ನಡದಲ್ಲೇ, ಅಡ್ಡಹೆಸರು ಸಹಿತ ಪೂರ್ತಿ ಬರೆಯಿರಿ. ಮನೆಯ ಹಿರಿಯರನ್ನು ಕೇಳಿರಿ: ಆ ಮರ ಎಲ್ಲಿತ್ತು? ಇನ್ನೂ ಇದೆಯೇ? ಇದ್ದರೆ ಹೋಗಿ ನೋಡಿ ಬನ್ನಿರಿ. ಇಲ್ಲದಿದ್ದರೆ ಅದೇ ಜಾತಿಯ ಒಂದು ಸಸಿ ನೆಡಿರಿ.

ಮುಂದೆ ಯಾರಾದರೂ ನಕ್ಕರೆ ಹೇಳಿರಿ: ಬನವಾಸಿಯ ಅರಸರೂ ನಮ್ಮಂತೆಯೇ ಮರದ ಹೆಸರಿನವರು!