ಗೋಡೆಯಿಂದ ಇಳಿದು ಬರುವ ಮೇಜು

‘ಕೂತು ಓದಿಕೋ’ ಎಂದು ಮಕ್ಕಳಿಗೆ ಹೇಳದ ತಂದೆತಾಯಿ ಇಲ್ಲ. ಎಲ್ಲಿ ಕೂರಬೇಕು ಎಂಬುದನ್ನು ಮಾತ್ರ ನಾವು ಹೇಳುವುದಿಲ್ಲ. ಹೊಗೆಸೊಪ್ಪು ಬೆಳೆಯುವ ಹುಣಸೂರು, ಪಿರಿಯಾಪಟ್ಟಣದ ಮನೆಗಳನ್ನೇ ನೋಡಿ. ಬ್ಯಾರನ್‌ನಲ್ಲಿ ಬೆಂದ ಸೊಪ್ಪು ಹರಾಜು ಮಾರುಕಟ್ಟೆಗೆ ಹೋಗುವ ಮೊದಲು ಬಿಡಿಸಿ, ಬಣ್ಣ ನೋಡಿ, ಗ್ರೇಡ್ ಮಾಡಿ, ಬೇಲು ಕಟ್ಟಬೇಕು. ಆ ತಿಂಗಳುಗಳಲ್ಲಿ ನಡುಮನೆಯೇ ಗೋದಾಮು. ಕೃಷ್ಣರಾಜನಗರದ ಕಡೆ ಅದೇ ಜಾಗದಲ್ಲಿ ಭತ್ತದ ಮೂಟೆ, ಹೆಗ್ಗಡದೇವನಕೋಟೆ ಕಡೆ ಹತ್ತಿ. ಎಸ್ಸೆಸ್ಸೆಲ್ಸಿ ಓದುವ ಹುಡುಗಿ ಮೂಟೆಯ ಮೇಲೆ ಪುಸ್ತಕವಿಟ್ಟುಕೊಂಡು ಬೆನ್ನು ಬಗ್ಗಿಸಿ ಲೆಕ್ಕ ಮಾಡುತ್ತಾಳೆ. ಊಟದ ಹೊತ್ತಿಗೆ ಆ ಮೂಲೆಯೂ ಅವಳದಲ್ಲ.

‘ಮೇಜು ಹಾಕಲು ನಮ್ಮಲ್ಲಿ ಜಾಗವೆಲ್ಲಿದೆ?’ ಎಂಬುದು ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ದೂರ, ಸಮುದ್ರದವರೆಗೆ ಹೋಗಿಬರೋಣ.

ನಮ್ಮ ನೌಕಾಪಡೆಯ ‘ತಾರಿಣಿ’ ಎಂಬ ಹಾಯಿದೋಣಿಯ ಉದ್ದ ಸುಮಾರು 17 ಮೀಟರು. 2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ಹೊರಟ ಆರು ಮಂದಿ ಮಹಿಳಾ ಅಧಿಕಾರಿಗಳು ಇದರಲ್ಲಿ ಭೂಮಿಯನ್ನೇ ಸುತ್ತಿ, 254 ದಿನಗಳ ನಂತರ, 2018ರ ಮೇ ತಿಂಗಳಲ್ಲಿ ಹಿಂದಿರುಗಿದರು. ಅಡುಗೆ, ಊಟ, ನಿದ್ದೆ, ನಕ್ಷೆ, ಲೆಕ್ಕಪತ್ರ ಎಲ್ಲವೂ ಒಂದೇ ದೋಣಿಯೊಳಗೆ. ತಾರಿಣಿಗಿಂತ ಎಷ್ಟೋ ಚಿಕ್ಕ ಹಾಯಿದೋಣಿಗಳೂ ಇವೆ. ಅವುಗಳ ಕೋಣೆ ನಮ್ಮ ಅಡುಗೆಮನೆಯಷ್ಟೂ ಇರುವುದಿಲ್ಲ. ಆದರೂ ಅದರಲ್ಲಿ ಊಟಕ್ಕೆ ಒಂದು ಮೇಜು ಇದ್ದೇ ಇರುತ್ತದೆ.

ಹೇಗೆಂದರೆ, ಅಲ್ಲಿ ಮೇಜು ಸದಾ ಮೇಜಾಗಿ ಇರುವುದಿಲ್ಲ. ಕೆಲವು ದೋಣಿಗಳಲ್ಲಿ ಅದು ಗೋಡೆಗೆ ಮಡಿಸಿಕೊಂಡಿರುತ್ತದೆ. ಕೆಲವದರಲ್ಲಿ ಕಾಲು ಕುಗ್ಗಿಸಿ ಹಲಗೆಯನ್ನು ಎರಡು ಬೆಂಚುಗಳ ಮಟ್ಟಕ್ಕೆ ಇಳಿಸಿದರೆ ಅದೇ ಹಾಸಿಗೆ. ದೋಣಿ ವಾಲಿದಾಗ ತಟ್ಟೆ ಜಾರದಂತೆ ಹಲಗೆಯ ಅಂಚಿಗೆ ಸಣ್ಣದೊಂದು ಏರುಪಟ್ಟಿ ಹೊಡೆದಿರುತ್ತಾರೆ. ಒರೆಸುವಾಗ ಅನ್ನದ ಅಗುಳು ಸಿಕ್ಕಿಕೊಳ್ಳಬಾರದೆಂದು ಪಟ್ಟಿಗೆ ಮೂಲೆಗಳಲ್ಲಿ ಸಂದು ಬಿಟ್ಟಿರುತ್ತಾರೆ. ಎಷ್ಟು ಸಣ್ಣ ವಿಷಯಕ್ಕೆ ಎಷ್ಟು ಯೋಚನೆ!

ಕಬಿನಿ ಹಿನ್ನೀರಿನ ಹರಿಗೋಲಿನಲ್ಲಿ ಊಟದ ಮೇಜಿಗೆ ಜಾಗ ಹುಡುಕುವವರು ಯಾರೂ ಇಲ್ಲ, ನಿಜ. ಆದರೆ ಮಡಿಸುವ ಜಾಣತನ ನಮಗೆ ಹೊಸದೇನಲ್ಲ. ಒಂದೇ ಹಲಗೆಯನ್ನು ಸೀಳಿ ಕತ್ತರಿಯಂತೆ ತೆರೆಯುವ ವ್ಯಾಸಪೀಠ ನಮ್ಮಲ್ಲಿದೆ. ಮುಸ್ಲಿಮರ ಮನೆಗಳಲ್ಲಿ ಅದೇ ರೆಹಲ್. ಊಟ ಮುಗಿದ ಮೇಲೆ ಮಣೆಯನ್ನು ಗೋಡೆಗೆ ಒರಗಿಸಿಡುವುದು ಅಜ್ಜಿಯರ ಕಾಲದ ಪದ್ಧತಿ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟನ್ನರಲ್ಲಿ ‘ಚೋಕ್‌ಸೆ’ ಎಂಬ ತಗ್ಗು ಮೇಜಿನ ಸಂಪ್ರದಾಯವಿದೆ. ಅದರ ಮುಂಭಾಗ ಮತ್ತು ಪಕ್ಕದ ಹಲಗೆಗಳು ಕೀಲಿನ ಮೇಲೆ ಮಡಿಸಿಕೊಂಡು ಇಡೀ ಮೇಜು ಚಪ್ಪಟೆಯಾಗುತ್ತದೆ. ಎತ್ತಿಕೊಂಡು ಹೋಗಲು ಸುಲಭ. ಚಹಾ, ಊಟ, ಗ್ರಂಥಪಠಣ ಎಲ್ಲಕ್ಕೂ ಅದೊಂದೇ.

ಹೀಗಾಗಿ ನಮಗೆ ಬೇಕಾದದ್ದು ದೊಡ್ಡ ಮನೆಯಲ್ಲ, ಒಂದು ಹಲಗೆ ಮತ್ತು ನಾಲ್ಕಾರು ಕೀಲು. ಹುಣಸೂರಿನಲ್ಲಿ ಅರಣ್ಯ ಇಲಾಖೆಯ ಮರದ ಡಿಪೊ ಇದೆ, ಮರಗೆಲಸದವರಿಗೂ ಬರವಿಲ್ಲ. ಮರ ಕೊಳ್ಳುವುದಾದರೆ ರಸೀದಿ ಇರುವ ಮರವನ್ನೇ ಕೊಳ್ಳಿ. ತೇಗವೇ ಬೇಕೆಂದಿಲ್ಲ. ಸಿಲ್ವರ್ ಓಕ್, ಹಲಸು, 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಯಾವುದಾದರೂ ಆದೀತು. ಅಟ್ಟದ ಮೇಲೆ ಹಳೆಯ ಬಾಗಿಲಿದ್ದರೆ ಇನ್ನೂ ಒಳ್ಳೆಯದು, ಹತ್ತಾರು ಮಳೆಗಾಲ ಕಂಡ ಮರ ಇನ್ನು ಹೆಚ್ಚು ಸೊಟ್ಟಗಾಗುವುದಿಲ್ಲ. ಹೊಸ ಮರದ ಹಲಗೆಯಾದರೆ ಅಡಿಯಲ್ಲಿ ಎರಡು ಅಡ್ಡಪಟ್ಟಿ ಹೊಡೆಸಿ.

ಆದರೆ ಆಚಾರಿಯವರನ್ನು ಕರೆಯುವ ಮೊದಲು ಮನೆಯ ವಿದ್ಯಾರ್ಥಿಗೆ ಒಂದು ಕೆಲಸವಿದೆ. ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ 90 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲದ ಕಾಗದ ಕತ್ತರಿಸಿ ನೆಲದ ಮೇಲೆ ಹಾಸಿ. ಅದರ ಮೇಲೆ ತೆರೆದ ಪಠ್ಯಪುಸ್ತಕ, ನೋಟ್‌ಪುಸ್ತಕ, ಜಾಮಿಟ್ರಿ ಬಾಕ್ಸ್ ಇಟ್ಟು ನೋಡಿ. ಬಳಿಕ ಅವನ್ನು ತೆಗೆದು ಎರಡು ಊಟದ ತಟ್ಟೆ, ಎರಡು ಲೋಟ ಇಡಿ. ಒಬ್ಬರು ಮೊಣಕೈ ತಾಗಿಸದೆ ಉಣ್ಣಲು ಸುಮಾರು 60 ಸೆಂಟಿಮೀಟರ್ ಬೇಕು. ಇಬ್ಬರು ಆರಾಮವಾಗಿ ಕೂರಬೇಕಾದರೆ ಉದ್ದವನ್ನು 120ಕ್ಕೆ ಏರಿಸಿ. ಗೋಡೆ ಅಷ್ಟು ಉದ್ದ ಬಿಡುವಿದೆಯೇ, ಬಾಗಿಲು ತೆರೆದಾಗ ತಗಲುತ್ತದೆಯೇ ಎಂಬುದೆಲ್ಲ ಈ ಕಾಗದದಲ್ಲೇ ಗೊತ್ತಾಗುತ್ತದೆ. ಮರ ಕತ್ತರಿಸಿದ ಮೇಲೆ ಗೊತ್ತಾಗುವುದಕ್ಕಿಂತ ಇದು ಅಗ್ಗ.

ಈಗ ರಚನೆ. 50 ಸೆಂಟಿಮೀಟರ್ ಅಗಲವನ್ನು ಎರಡು ಭಾಗ ಮಾಡಿ. ಗೋಡೆಯ ಕಡೆಯ 10 ಸೆಂಟಿಮೀಟರ್ ಸದಾ ನಿಂತಿರುವ ಕಿರುಹಲಗೆ. ಉಳಿದ 40 ಸೆಂಟಿಮೀಟರ್ ಅದಕ್ಕೆ ಅಡಿಯಿಂದ ಮೂರು ಕೀಲುಗಳಲ್ಲಿ ಸೇರಿಕೊಂಡು ಕೆಳಕ್ಕೆ ಇಳಿಬೀಳುವ ಹಲಗೆ. ಮೇಜು ಮಡಿಸಿದಾಗಲೂ ಪೆನ್ನು, ದೀಪ, ಗಡಿಯಾರ ಕಿರುಹಲಗೆಯ ಮೇಲೆ ಇದ್ದಲ್ಲೇ ಇರುತ್ತವೆ. ಕಿರುಹಲಗೆಯ ಕೆಳಗೆ ಗೋಡೆಗೆ ಎರಡು ಲಂಬಪಟ್ಟಿ ಹೊಡೆದು, ಪ್ರತಿಯೊಂದಕ್ಕೂ ಬಾಗಿಲಿನಂತೆ ತಿರುಗುವ ಒಂದು ತ್ರಿಕೋನಾಕಾರದ ಆಸರೆ ಕೂಡಿಸಿ. ಹಲಗೆ ಎತ್ತಿ ಆಸರೆಗಳನ್ನು ಹೊರಕ್ಕೆ ತಿರುಗಿಸಿದರೆ ಮೇಜು ಸಿದ್ಧ. ಒಳಕ್ಕೆ ತಿರುಗಿಸಿದರೆ ಎಲ್ಲವೂ ಆ 10 ಸೆಂಟಿಮೀಟರ್ ಒಳಗೆ ಅಡಗುತ್ತದೆ.

ಇಲ್ಲಿ ಒಂದು ವಿಜ್ಞಾನದ ಪಾಠವಿದೆ. ಹುಡುಗನೊಬ್ಬ ಮೇಜಿನ ಹೊರ ಅಂಚಿಗೆ 20 ಕಿಲೊ ಭಾರ ಬಿಟ್ಟು ಒರಗಿದ ಎನ್ನಿ. ಆ ಅಂಚು ಗೋಡೆಯಿಂದ 50 ಸೆಂಟಿಮೀಟರ್ ದೂರದಲ್ಲಿದೆ. ಆಸರೆಯ ಎತ್ತರ 30 ಸೆಂಟಿಮೀಟರ್ ಇದ್ದರೆ, ಸನ್ನೆಯ ನಿಯಮದಂತೆ ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಕೀಳುವ ಸೆಳೆತ 20ನ್ನು 50ರಿಂದ ಗುಣಿಸಿ 30ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 33 ಕಿಲೊ. ಮರ ಉಳಿಸಲು ಆಸರೆಯ ಎತ್ತರವನ್ನು 15 ಸೆಂಟಿಮೀಟರಿಗೆ ಇಳಿಸಿದರೆ ಅದೇ ಸೆಳೆತ 67 ಕಿಲೊ ಆಗುತ್ತದೆ. ಅಂಗೈಯಗಲದ ಮರ ಉಳಿಸಲು ಹೋಗಿ ಗೋಡೆಗೆ ಇಮ್ಮಡಿ ಸೆಳೆತ ಕೊಟ್ಟಂತಾಯಿತು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ಸನ್ನೆ ಇಲ್ಲಿ ಮೇಜನ್ನೇ ಹಿಡಿದು ನಿಲ್ಲಿಸಿದೆ.

ಇಟ್ಟಿಗೆ ಅಥವಾ ಸಿಮೆಂಟ್ ಗೋಡೆಯಾದರೆ ತೂತು ಕೊರೆದು ಪ್ಲಗ್ ಹಾಕಿ ಸ್ಕ್ರೂ ಬಿಗಿಯಬಹುದು. ಮಣ್ಣಿನ ಗೋಡೆಗೆ ಈ ಸೆಳೆತವನ್ನು ಹೊರಿಸಬೇಡಿ. ಅಂಥ ಮನೆಗಳಲ್ಲಿ ಆಸರೆಯ ಬದಲು ಹಲಗೆಯ ಹೊರ ಅಂಚಿಗೆ ಎರಡು ಕಾಲುಗಳನ್ನು ಕೀಲಿನಿಂದ ಕೂಡಿಸಿ, ಕಿರುಹಲಗೆಯ ಕೆಳಗೂ ನೆಲ ಮುಟ್ಟುವ ಎರಡು ಕಂಬ ಕೊಡಿ. ಭಾರವೆಲ್ಲ ನೆಲಕ್ಕೆ ಹೋಗುತ್ತದೆ, ಗೋಡೆಗೆ ಒರಗು ಮಾತ್ರ. ಕಾಲಿನ ಉದ್ದ 70 ಸೆಂಟಿಮೀಟರ್, ಹಲಗೆಯ ಅಗಲ 40. ಹಾಗಾದರೆ ಕಾಲನ್ನು ಯಾವ ಕಡೆ ಮಡಿಸುವುದು? ಉದ್ದಕ್ಕೆ. 90 ಸೆಂಟಿಮೀಟರ್ ಉದ್ದದಲ್ಲಿ ಒಂದು ಕಾಲು ಮತ್ತೊಂದರ ಪಕ್ಕದಲ್ಲಿ ಮಲಗುತ್ತದೆ. ಕಾಲು ಒದೆತಕ್ಕೆ ಮಡಚಿಕೊಳ್ಳದಂತೆ ಪ್ರತಿಯೊಂದಕ್ಕೂ ಒಂದು ಕೊಂಡಿ ಇರಲಿ. ಬಿಸಿ ಸಾರಿನ ಪಾತ್ರೆ ಮೇಲಿರುವಾಗ ಕೊಂಡಿಯ ಬೆಲೆ ಗೊತ್ತಾಗುತ್ತದೆ.

ಎತ್ತರದ ವಿಷಯ. ಕುರ್ಚಿಯಲ್ಲಿ ಕೂರುವ ಹೈಸ್ಕೂಲು ಮಕ್ಕಳಿಗೆ 70ರಿಂದ 75 ಸೆಂಟಿಮೀಟರ್ ಸರಿ. ಭುಜ ಸಡಿಲ ಬಿಟ್ಟು ಕೂತಾಗ ಮೊಣಕೈ ಹಲಗೆಯ ಮಟ್ಟಕ್ಕೆ ಬರಬೇಕು, ಇದೇ ಪರೀಕ್ಷೆ. ಚಿಕ್ಕ ಮಕ್ಕಳಿಗೆ ಮೇಜು ಇಳಿಸುವ ಬದಲು ಕುರ್ಚಿ ಏರಿಸಿ, ಕಾಲ ಕೆಳಗೆ ಮಣೆ ಕೊಡಿ. ಬಲಗೈಯಲ್ಲಿ ಬರೆಯುವವರಿಗೆ ಕಿಟಕಿಯ ಬೆಳಕು ಎಡದಿಂದ ಬರಲಿ, ಎಡಗೈಯವರಿಗೆ ಬಲದಿಂದ. ಇಲ್ಲದಿದ್ದರೆ ಬರೆಯುವ ಕೈಯ ನೆರಳೇ ಅಕ್ಷರದ ಮೇಲೆ ಬೀಳುತ್ತದೆ.

ದೋಣಿಯ ಏರುಪಟ್ಟಿಯನ್ನು ಮಾತ್ರ ಹಾಗೆಯೇ ನಕಲು ಮಾಡಬೇಡಿ. ಮುಂದಿನ ಅಂಚಿಗೆ ಪಟ್ಟಿ ಹೊಡೆದರೆ ಬರೆಯುವಾಗ ಮಣಿಕಟ್ಟಿಗೆ ಒತ್ತುತ್ತದೆ. ನಮ್ಮ ಮನೆ ವಾಲುವುದಿಲ್ಲವಲ್ಲ! ಎರಡು ಪಕ್ಕಕ್ಕೆ ಮಾತ್ರ ಹೊಡೆಸಿ, ಪೆನ್ಸಿಲು ಉರುಳಿ ಬೀಳದು. ಮೂಲೆಗಳನ್ನು ದುಂಡಗೆ ಮಾಡಿಸಿ. ಮಡಿಸುವಾಗ ಕೀಲಿನ ಸಂದಿಗೆ ಬೆರಳಿಡಬಾರದೆಂದು ಪುಟ್ಟ ಮಕ್ಕಳಿಗೆ ಮೊದಲ ದಿನವೇ ಕಲಿಸಿ.

ಇಷ್ಟಾದರೆ ಮರದ ಕೆಲಸ ಮುಗಿಯಿತು. ಮನೆಯ ಕೆಲಸ ಇನ್ನೂ ಉಳಿದಿದೆ. ಒಂದೇ ಮೇಜು ಊಟಕ್ಕೂ ಓದಿಗೂ ಆದಾಗ ಅದು ಯಾವ ಹೊತ್ತಿನಲ್ಲಿ ಯಾರದು ಎಂದು ಮೊದಲೇ ಗೊತ್ತಾಗಬೇಕು. ದೋಣಿಯಲ್ಲಿ ಪ್ರತಿಯೊಬ್ಬರಿಗೂ ಪಾಳಿ ಇರುತ್ತದೆ, ಪಾಳಿ ತಪ್ಪಿಸಿದರೆ ಎಲ್ಲರಿಗೂ ಕಷ್ಟ. ನಮ್ಮ ಅನೇಕ ಮನೆಗಳಲ್ಲಿ ಊಟವಾದ ಕೂಡಲೇ ಮಗ ಪುಸ್ತಕ ತೆರೆಯುತ್ತಾನೆ. ಮಗಳು ತಟ್ಟೆ ಎತ್ತಿ, ಮೇಜು ಒರೆಸಿ, ಪಾತ್ರೆ ತೊಳೆದು ಬರುವಷ್ಟರಲ್ಲಿ ಅವಳ ಕಣ್ಣು ನಿದ್ದೆಗೆ ಎಳೆಯುತ್ತಿರುತ್ತದೆ. ಮೇಜು ಒರೆಸುವವಳು ಅವಳು, ಅದರ ಮೇಲೆ ಓದುವವನು ಅವನು ಎಂದಾದರೆ ನಾವು ಮಾಡಿಸಿದ್ದು ಅರ್ಧ ಮೇಜು ಮಾತ್ರ. ಒಂದು ದಿನ ಅಣ್ಣ ಒರೆಸಲಿ, ಒಂದು ದಿನ ತಂಗಿ. ಅಪ್ಪನೂ ಒಂದು ದಿನ ಒರೆಸಿದರೆ ಮೇಜೇನೂ ಬೇಸರಪಟ್ಟುಕೊಳ್ಳುವುದಿಲ್ಲ.

ವಿದ್ಯಾರ್ಥಿಗಳೇ, ಈ ವಾರ ಒಂದು ಅಳತೆಪಟ್ಟಿ ಹಿಡಿದು ನಿಮ್ಮ ಮನೆಯ ಗೋಡೆಗಳನ್ನು ಅಳೆಯಿರಿ. ಬಾಗಿಲು, ಕಿಟಕಿ, ಕಪಾಟು ಬಿಟ್ಟು 90 ಸೆಂಟಿಮೀಟರ್ ಎಲ್ಲಿ ಸಿಗುತ್ತದೆಂದು ಗುರುತು ಹಾಕಿ ಅಪ್ಪ ಅಮ್ಮನಿಗೆ ತೋರಿಸಿ. ಪೋಷಕರೇ, ಹರಾಜು ಮುಗಿಯಲಿ, ಸುಗ್ಗಿ ಕಳೆಯಲಿ ಎಂದು ಮುಂದೂಡಬೇಡಿ. ಮನೆ ತುಂಬಿರುವ ಕಾಲಕ್ಕೇ ಮಡಿಸುವ ಮೇಜು ಬೇಕಾಗುವುದು, ಮತ್ತು ಮಾರ್ಚಿ ತಿಂಗಳ ಪರೀಕ್ಷೆ ಮೂಟೆ ಖಾಲಿಯಾಗುವವರೆಗೆ ಕಾಯುವುದಿಲ್ಲ.